ಫಾಲ್ಟ್ ಅಗೆದು ನೋಡುವ ಭೂಕಂಪ ವಿಜ್ಞಾನಿಯ ಕೆಲಸ ನಿಜಕ್ಕೂ ಹೇಗಿರುತ್ತದೆ? ಗೊತ್ತಿದ್ದವರು ಹೇಳಿ

ಆಳಂದದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಭೂವಿಜ್ಞಾನದಲ್ಲಿ ಎಂಎಸ್ಸಿ ಎರಡನೇ ವರ್ಷ ಓದುತ್ತಿದ್ದೇನೆ. ಊರು ಆಳಂದ ತಾಲ್ಲೂಕಿನ ಒಂದು ಹಳ್ಳಿ. ಗಡಿ ದಾಟಿದರೆ ಮಹಾರಾಷ್ಟ್ರದ ಕಿಲ್ಲಾರಿ ದೂರವೇನಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಅಲ್ಲಿ ನೆಲ ನಡುಗಿತಲ್ಲ, ಆಗ ನಮ್ಮಪ್ಪ ಹೈಸ್ಕೂಲಿನಲ್ಲಿದ್ದರು. ಗಣಪತಿ ಕಳಿಸಿ ಬಂದು ಎಲ್ಲರೂ ದಣಿದು ಮಲಗಿದ್ದರಂತೆ. ಅಜ್ಜಿ ಮಕ್ಕಳನ್ನೆಲ್ಲ ಎಳೆದುಕೊಂಡು ಅಂಗಳಕ್ಕೆ ಓಡಿದರು. ನಮ್ಮ ಮನೆ ಉಳಿಯಿತು. ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು, ಮುಚ್ಚಿದ ಗುರುತು ಈಗಲೂ ಇದೆ. ಅಜ್ಜಿಯ ತಂಗಿಯನ್ನು ಕೊಟ್ಟಿದ್ದು ಕಿಲ್ಲಾರಿ ಕಡೆಯ ಹಳ್ಳಿಗೆ, ಅವರ ಮನೆಯಲ್ಲಿ ಯಾರೂ ಉಳಿಯಲಿಲ್ಲ.

ಆ ಕಥೆ ಕೇಳಿಕೊಂಡೇ ಬೆಳೆದವಳು ನಾನು, ಈ ವಿಷಯ ಹಿಡಿದದ್ದೂ ಅದಕ್ಕೇ. ಈಗ ಪಿಎಚ್‌ಡಿ ಮಾಡಿದರೆ ಸಕ್ರಿಯ ಫಾಲ್ಟ್‌ಗಳ ಮೇಲೆ (ಪಠ್ಯದಲ್ಲಿ ಸ್ತರಭಂಗ ಅಂತ ಬರುತ್ತದೆ, ಎರಡು ಬದಿಯ ಕಲ್ಲು ಜಾರಿದ ಬಿರುಕು) ಮಾಡಬೇಕು ಅಂತ ಆಸೆ. ಅಪ್ಪ ಮಾತ್ರ ಒಂದೇ ಮಾತು ಕೇಳುತ್ತಾರೆ: "ಭೂಕಂಪ ಯಾವಾಗ ಆಗ್ತದಂತ ಹೇಳ್ಲಿಕ್ಕೇ ಬರಂಗಿಲ್ಲ ಅಂದ್ರ, ಅದನ್ನ ಓದಿ ಏನ್ ಮಾಡ್ತಿ?" ನನಗೆ ಸರಿಯಾದ ಉತ್ತರ ಕೊಡಲು ಆಗಲಿಲ್ಲ.

ಈ ಕೆಲಸ ಮಾಡುವವರು ದಿನಾ ಏನು ಮಾಡುತ್ತಾರೆ? ವರ್ಷದಲ್ಲಿ ಎಷ್ಟು ದಿನ ಹೊರಗೆ, ಎಷ್ಟು ದಿನ ಕಂಪ್ಯೂಟರ್ ಮುಂದೆ? ಹುಡುಗಿಯರಿಗೆ ಕಷ್ಟವಾ? ಅಪ್ಪನ ಪ್ರಶ್ನೆಗೆ ನೀವಾದರೆ ಏನು ಹೇಳುತ್ತಿದ್ದಿರಿ? ನೇರವಾಗಿ ಹೇಳಿ, ಬೇಜಾರಿಲ್ಲ.

ಕರಣೆ ಮತ್ತು ದಾರ

ತಂಗಿ, ನಾನು ಹದಿನಾಲ್ಕು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಕಛ್‌ನಲ್ಲಿ ಅಗೆದಿದ್ದೇನೆ, ಹಿಮಾಲಯದ ಶಿವಾಲಿಕ್ ಬೆಟ್ಟಗಳ ಬುಡದಲ್ಲಿ ಅಗೆದಿದ್ದೇನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ನಾನು ಸೇರುವಾಗ ನನಗೆ ಇದನ್ನೆಲ್ಲ ಯಾರೂ ಹೇಳಿರಲಿಲ್ಲ.

ಮೊದಲು ಒಂದು ವಿಷಯ. ನಕ್ಷೆಯಲ್ಲಿ ಫಾಲ್ಟ್ ಅಂದರೆ ಒಂದು ಕೆಂಪು ಗೆರೆ. ನೆಲದಲ್ಲಿ ಅದು ಗೆರೆ ಅಲ್ಲ, ಅಗಲ ಇರುವ ಒಂದು ಪಟ್ಟಿ. ನಡುವೆ ಕಲ್ಲು ಗಿರಣಿಗೆ ಹಾಕಿದ ಹಾಗೆ ಹಿಟ್ಟಾಗಿರುತ್ತದೆ. ಬೆರಳಲ್ಲಿ ತಿಕ್ಕಿದರೆ ಕೆಲವು ಕಡೆ ರಾಗಿಹಿಟ್ಟಿನಷ್ಟು ನುಣ್ಣಗೆ, ಒದ್ದೆಯಾದರೆ ಜಾರುತ್ತದೆ. ಅದರ ಎರಡೂ ಬದಿಗೆ ಒಡೆದ ಕಲ್ಲು. ದೂರ ಹೋದಂತೆ ಬಿರುಕು ಕಡಿಮೆಯಾಗುತ್ತ ಒಳ್ಳೆಯ ಕಲ್ಲು ಸಿಗುತ್ತದೆ. ನಾವು "ಫಾಲ್ಟ್ ಜೋನ್" ಅನ್ನುವುದು ಈ ಇಡೀ ಪಟ್ಟಿಗೆ. ಯಾವ ಕಡೆ ಎಷ್ಟು ಸಲ ಜಾರಿದೆ ಅನ್ನುವ ಲೆಕ್ಕ ಅದರೊಳಗೇ ಇರುತ್ತದೆ.

ಕೆಲಸ ಶುರುವಾಗುವುದು ಅಗೆಯುವುದರಿಂದ ಅಲ್ಲ, ಜಾಗ ಹುಡುಕುವುದರಿಂದ. ಉಪಗ್ರಹದ ಚಿತ್ರ, ಸರ್ವೆ ಆಫ್ ಇಂಡಿಯಾದ ಹಳೇ ಟೋಪೋಶೀಟು (ನೆಲದ ಏರುತಗ್ಗು ತೋರಿಸುವ ನಕ್ಷೆ) ಹರಡಿಕೊಂಡು ವಾರಗಟ್ಟಲೆ ಕೂರುತ್ತೇವೆ. ಹರಿಯುವ ಹಳ್ಳ ಸುಮ್ನೆ ಒಂದು ಕಡೆ ತಿರುಗಿ ಮತ್ತೆ ನೇರ ಆಗಿದೆಯಾ, ಸಮತಟ್ಟಾದ ಹೊಲದ ನಡುವೆ ಒಂದು ಆಳೆತ್ತರದ ಏರು ಕಾರಣ ಇಲ್ಲದೆ ನಿಂತಿದೆಯಾ, ಇಂಥವನ್ನು ನೋಡುತ್ತೇವೆ. ಆಮೇಲೆ ನಡಿಗೆ. ಆಮೇಲೆ ಆ ಹೊಲದ ಯಜಮಾನರನ್ನು ಒಪ್ಪಿಸುವುದು. ಬೆಳೆ ತೆಗೆದ ಮೇಲೆ, ಮುಂದಿನ ಬಿತ್ತನೆಗೆ ಮುಂಚೆ ಸಿಗುವ ಸ್ವಲ್ಪ ದಿನಗಳಲ್ಲೇ ಎಲ್ಲ ಮುಗಿಯಬೇಕು. ಒಬ್ಬರು ಅಜ್ಜ ನನಗೆ, "ಮಗಳೇ, ನಿಧಿ ಸಿಕ್ಕಿದರೆ ಅರ್ಧ ನನಗೆ" ಅಂದಿದ್ದರು. ಮೂರು ವಾರ ದಿನಾ ಬಂದು ಗುಂಡಿಯ ಅಂಚಲ್ಲಿ ಕೂತು ನೋಡಿ, ಕೊನೆಗೆ ಅವರೇ ಊರವರಿಗೆ ಪದರಗಳನ್ನು ತೋರಿಸಿ ವಿವರಿಸುತ್ತಿದ್ದರು. ಅವರ ಹೊಲದ ಮಣ್ಣು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ ಹೇಳು.

ಜೆಸಿಬಿಯಿಂದ ಫಾಲ್ಟ್‌ಗೆ ಅಡ್ಡಲಾಗಿ ಕಂದಕ ತೋಡಿಸುತ್ತೇವೆ. ಸುಮಾರು ಮೂರು ನಾಲ್ಕು ಮೀಟರ್ ಆಳ, ಉದ್ದ ಜಾಗ ಇದ್ದಷ್ಟು. ಗೋಡೆ ಕುಸಿಯದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಇಲ್ಲವೇ ಆಸರೆ ಕೊಡಬೇಕು. ಇದರಲ್ಲಿ ಯಾವತ್ತೂ ರಾಜಿ ಇಲ್ಲ. ಆಮೇಲೆ ಜೆಸಿಬಿ ಹಲ್ಲಿನ ಗುರುತು ಹೋಗುವ ತನಕ ಗಾರೆಯವರ ಕರಣೆ ಹಿಡಿದು ಗೋಡೆ ಕೆರೆಯುವುದು. ನನ್ನ ಹೆಸರು ಇಲ್ಲಿಂದಲೇ ಬಂದದ್ದು. ಮೊಳೆ ಹೊಡೆದು ದಾರ ಕಟ್ಟಿ ಗೋಡೆಯನ್ನೆಲ್ಲ ಒಂದೊಂದು ಮೀಟರಿನ ಚೌಕ ಮಾಡಿ, ಒಂದೊಂದು ಪದರಕ್ಕೂ ಒಂದೊಂದು ಬಣ್ಣದ ಚೀಟಿ ಚುಚ್ಚಿ, ಗ್ರಾಫ್ ಹಾಳೆಯಲ್ಲಿ ಬರೆದುಕೊಳ್ಳುತ್ತೇವೆ. ಈಗ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸುವುದೂ ಇದೆ. ಆದರೆ ಕೈಯಲ್ಲಿ ಬರೆಯುವಾಗ ಕಣ್ಣು ನೋಡುವ ರೀತಿಯೇ ಬೇರೆ. ನಾನು ಎರಡನ್ನೂ ಮಾಡುತ್ತೇನೆ.

ತತ್ವ ಸರಳ. ಕೆಳಗಿನ ಪದರಗಳು ಕತ್ತರಿಸಿ ಮೇಲೆ ಕೆಳಗೆ ಆಗಿರುತ್ತವೆ, ಅವುಗಳ ಮೇಲೆ ಒಂದು ಪದರ ಮಾತ್ರ ತುಂಡಾಗದೆ ಹಾಸಿಕೊಂಡಿರುತ್ತದೆ. ಭೂಕಂಪ ಆದದ್ದು ಈ ಎರಡರ ನಡುವಿನ ಕಾಲದಲ್ಲಿ. ತುಂಡಾದ ಕೊನೆಯ ಪದರದ ವಯಸ್ಸು, ತುಂಡಾಗದ ಮೊದಲ ಪದರದ ವಯಸ್ಸು ಸಿಕ್ಕಿದರೆ ಆಯಿತು. ಸರಳ ಅಂದೆ, ಸುಲಭ ಅನ್ನಲಿಲ್ಲ. ವಯಸ್ಸು ತಿಳಿಯಲು ಇದ್ದಿಲಿನ ಚೂರು ಹುಡುಕುತ್ತೇವೆ, ಕಾರ್ಬನ್ 14 ಪರೀಕ್ಷೆಗೆ. ಅಕ್ಕಿಕಾಳಿನಷ್ಟು ಚೂರು ಸಿಕ್ಕಿದರೂ ಸಾಕು. ಆದರೆ ಆ ಚೂರು ಇಲಿ ಬಿಲದಿಂದ ಕೆಳಗೆ ಬಿದ್ದದ್ದಾ, ಮೇಲಿನ ದಿಣ್ಣೆಯಿಂದ ಹಳೇ ಮಣ್ಣಿನ ಜೊತೆ ತೊಳೆದು ಬಂದದ್ದಾ ಅಂತ ಯೋಚಿಸಬೇಕು. ತಪ್ಪಿದರೆ ನೂರಾರು ವರ್ಷದ ವ್ಯತ್ಯಾಸ. ಇದ್ದಿಲು ಸಿಗದಿದ್ದರೆ ಮರಳು. ಮರಳಿನ ಕ್ವಾರ್ಟ್ಜ್ ಕಣ ಕೊನೆಯ ಸಲ ಬಿಸಿಲು ಕಂಡು ಎಷ್ಟು ಕಾಲ ಆಯಿತು ಅಂತ ಲ್ಯಾಬಿನಲ್ಲಿ ಅಳೆಯಬಹುದು. ಅದಕ್ಕೆ ಕಬ್ಬಿಣದ ಕೊಳವೆ ಗೋಡೆಗೆ ಹೊಡೆದು, ಕಪ್ಪು ಬಟ್ಟೆ ಹೊದೆಸಿ, ಬೆಳಕು ತಾಗದ ಹಾಗೆ ಸುತ್ತಿ ತರುತ್ತೇವೆ. ಒಂದು ಸಲ ನಾವು ಕಳಿಸಿದ ನಾಲ್ಕು ಕೊಳವೆಗಳನ್ನು ದಾರಿಯಲ್ಲಿ ಯಾರೋ ತಪಾಸಣೆಗೆ ಅಂತ ಬಿಚ್ಚಿ ನೋಡಿ ಮತ್ತೆ ಮುಚ್ಚಿದ್ದರು. ಅಲ್ಲಿಗೆ ಒಂದು ಇಡೀ ಸೀಸನ್ ಹೋಯಿತು. ಆ ಕಂದಕ ಆಗಲೇ ಮುಚ್ಚಿಯಾಗಿತ್ತು, ಮುಚ್ಚಲೇಬೇಕಿತ್ತು, ಅದು ಒಬ್ಬರ ಅನ್ನದ ಹೊಲ. ಅವತ್ತು ನಾನು ಅತ್ತಿದ್ದೆ.

ವರ್ಷದಲ್ಲಿ ಎಷ್ಟು ದಿನ ಹೊರಗೆ ಅಂತ ಕೇಳಿದ್ದಿ. ನನಗೆ ಐದಾರು ವಾರ, ತುಂಬಾ ಆದರೆ ಎರಡು ತಿಂಗಳು. ಉಳಿದದ್ದೆಲ್ಲ ನಕ್ಷೆ, ಲ್ಯಾಬ್ ಫಲಿತಾಂಶಕ್ಕೆ ಕಾಯುವುದು, ಅನುದಾನದ ಅರ್ಜಿ, ಪಾಠ, ಪ್ರಬಂಧ. ಒಂದು ಕಂದಕದ ಕಥೆ ಪೂರ್ತಿ ಹೊರಬರಲು ಮೂರು ವರ್ಷ ಹಿಡಿಯುವುದು ಮಾಮೂಲು.

ಇನ್ನು ಕಛ್. 2001ರ ಜನವರಿ 26, ಬೆಳಗ್ಗೆ 8:46. ಸುಮಾರು 20 ಸಾವಿರ ಜನ ಸತ್ತರು. 7.6 ಪ್ರಮಾಣದ ಕಂಪನ, ಆದರೂ ಫಾಲ್ಟ್ ನೆಲದ ಮೇಲೆ ಬಾಯಿ ಬಿಡಲಿಲ್ಲ. ಆಳದಲ್ಲೇ ಜಾರಿ ನಿಂತಿತು. ಅಂಥ ಕಡೆ ಎಲ್ಲಿ ಅಗೆಯುತ್ತೀ? ಅಲ್ಲಿ ಕೈ ಹಿಡಿದದ್ದು ಮರಳು. ಜೋರಾಗಿ ನಡುಗಿದಾಗ ಕೆಳಗಿನ ನೀರು ತುಂಬಿದ ಮರಳು ಗಂಜಿಯ ಹಾಗಾಗಿ ಮೇಲಿನ ಮಣ್ಣನ್ನು ಸೀಳಿ ಬುಗ್ಗೆ ಬುಗ್ಗೆಯಾಗಿ ಉಕ್ಕುತ್ತದೆ. ಆ ಬುಗ್ಗೆಗಳನ್ನು ಅಡ್ಡಕ್ಕೆ ಕಡಿದು ನೋಡಿದರೆ ಹಳೆಯ ಭೂಕಂಪದ ಮರಳೂ ಸಿಗುತ್ತದೆ. ಅದೇ ಕಛ್‌ನ ಉಪ್ಪು ಬಯಲಾದ ರಣ್‌ನಲ್ಲಿ 1819ರ ಜೂನ್ 16ರ ಕಂಪನಕ್ಕೆ ಸುಮಾರು 90 ಕಿಲೋಮೀಟರ್ ಉದ್ದದ ದಿಣ್ಣೆ ಎದ್ದು ನದಿಗೆ ಅಡ್ಡ ನಿಂತಿತು. ಮನುಷ್ಯರು ಕಟ್ಟಿದ ಒಡ್ಡಲ್ಲ, ದೇವರು ಕಟ್ಟಿದ್ದು ಅಂತ ಜನ ಅದಕ್ಕೆ ಅಲ್ಲಾ ಬಂಡ್ ಅಂದರು. ಪಕ್ಕದ ಸಿಂದ್ರಿ ಕೋಟೆ ನೀರಲ್ಲಿ ಮುಳುಗಿತು. ಕುಸಲಾ ರಾಜೇಂದ್ರನ್ ಮತ್ತು ಸಿ.ಪಿ. ರಾಜೇಂದ್ರನ್ ಅವರು ಆ ಪ್ರದೇಶದ ಮರಳು ಬುಗ್ಗೆಗಳನ್ನು ಅಗೆದು, 1819ಕ್ಕಿಂತ ಎಷ್ಟೋ ನೂರು ವರ್ಷ ಮೊದಲು ಇನ್ನೊಂದು ದೊಡ್ಡ ಕಂಪನ ಆಗಿತ್ತು ಅಂತ ತೋರಿಸಿದ್ದಾರೆ. ಕುಸಲಾ ಮೇಡಂ ನಮ್ಮ ಬೆಂಗಳೂರಿನ ಐಐಎಸ್ಸಿಯಲ್ಲೇ ಪ್ರೊಫೆಸರ್ ಆಗಿದ್ದವರು. ಹುಡುಗಿಯರಿಗೆ ಕಷ್ಟವಾ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಅವರ ಹೆಸರನ್ನೇ.

ಅಪ್ಪನ ಪ್ರಶ್ನೆಗೆ ಬೇರೆಯವರು ಬರೆಯಲಿ, ಆಮೇಲೆ ಬರುತ್ತೇನೆ.

ಫ್ರೀಮಾಂಟ್ ವಾಸಿ

ನಾನು ಭೂವಿಜ್ಞಾನಿ ಅಲ್ಲ, ಸಾಫ್ಟ್‌ವೇರ್. ಊರು ಹಾಸನ, ಹನ್ನೆರಡು ವರ್ಷದಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. ಇಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ ಅಂತ ನಿಮಗೆ ಗೊತ್ತೇ ಇದೆ. ಆದರೆ ಈ ಊರಿನ ನಡುವೆಯೇ ಹೇವರ್ಡ್ ಫಾಲ್ಟ್ ಹಾದುಹೋಗುತ್ತದೆ ಅನ್ನುವುದು ಎಷ್ಟೋ ಜನರಿಗೆ ಮನೆ ಕೊಂಡ ಮೇಲೆ ಗೊತ್ತಾಗುತ್ತದೆ.

ಮೇಲೆ ಅಕ್ಕ ಬರೆದದ್ದು ಓದಿ ಹೇಳಲೇಬೇಕು ಅನಿಸಿತು. ಇಲ್ಲಿ ಬಾರ್ಟ್ ರೈಲು ನಿಲ್ದಾಣದ ಪಕ್ಕದಲ್ಲಿ ಟೂಲಿ ಪಾಂಡ್ ಅಂತ ಒಂದು ಕೊಳ ಇದೆ. ಫಾಲ್ಟ್ ಜಾರಿ ಜಾರಿ ನೆಲ ತಗ್ಗಾಗಿ ಆದ ಕೊಳ ಅದು. ವರ್ಷಾ ವರ್ಷ ಮಳೆ ನೀರು ಹೂಳು ತಂದು ಹಾಕುತ್ತದೆ, ಅದು ಪುಸ್ತಕದ ಹಾಳೆಗಳ ಹಾಗೆ ಪದರ ಪದರ ಕೂತಿದೆ. ಅಲ್ಲಿ ವಿಜ್ಞಾನಿಗಳು ಹಲವು ವರ್ಷ ಕಂದಕ ತೋಡಿ, ಸುಮಾರು 1,900 ವರ್ಷದಲ್ಲಿ ಹನ್ನೊಂದು ಹನ್ನೆರಡು ದೊಡ್ಡ ಭೂಕಂಪ ಆಗಿದ್ದನ್ನು ಗುರುತಿಸಿದರು. ಸರಾಸರಿ 150-160 ವರ್ಷಕ್ಕೊಂದು. ಕೊನೆಯದು ಆದದ್ದು 1868ರ ಅಕ್ಟೋಬರ್ 21. ಈಗ ನೀವೇ ಲೆಕ್ಕ ಹಾಕಿ.

ನಾನು ಆ ಲೆಕ್ಕ ಓದಿದ ವಾರವೇ ಮನೆಗೆ ಬೋಲ್ಟ್ ಹಾಕಿಸಿದೆ. ಇಲ್ಲಿ ಹಳೇ ಮರದ ಮನೆಗಳು ಅಡಿಪಾಯದ ಮೇಲೆ ಸುಮ್ನೆ ಕೂತಿರುತ್ತವೆ, ನಡುಗಿದಾಗ ಜಾರಿ ಬೀಳುತ್ತವೆ. ಬೋಲ್ಟ್ ಹಾಕಿ ಬಿಗಿದರೆ ಎಷ್ಟೋ ಸುರಕ್ಷಿತ. ಗೀಸರ್ ಟ್ಯಾಂಕ್, ಪುಸ್ತಕದ ಕಪಾಟು ಎಲ್ಲವನ್ನೂ ಗೋಡೆಗೆ ಕಟ್ಟಿದ್ದೇನೆ. ಮಗಳಿಗೆ ಮೇಜಿನ ಕೆಳಗೆ ನುಗ್ಗುವುದು ಅಭ್ಯಾಸ ಆಗಿದೆ. ಯಾವ ದಿನ ಬರುತ್ತದೆ ಅಂತ ನನಗೆ ಯಾರೂ ಹೇಳಿಲ್ಲ. ಆದರೆ ಆ ಕೊಳದ ಕೆಸರಲ್ಲಿ ನಿಂತು ಪದರ ಎಣಿಸಿದವರು ಇಲ್ಲದಿದ್ದರೆ ನಾನು ಇದಕ್ಕೆ ದುಡ್ಡು ಖರ್ಚು ಮಾಡುತ್ತಲೇ ಇರಲಿಲ್ಲ. ನಿಮ್ಮ ತಂದೆಯವರಿಗೆ ಇದನ್ನು ಹೇಳಿ.

ಇನ್ನೊಂದು. ಇಲ್ಲಿ 1971ರಲ್ಲಿ ಸಾನ್ ಫರ್ನಾಂಡೋ ಭೂಕಂಪ ಆದ ಮೇಲೆ, 1972ರಲ್ಲಿ ಒಂದು ಕಾನೂನು ತಂದರು. ಸಕ್ರಿಯ ಫಾಲ್ಟ್ ಮೇಲೆ ಜನ ವಾಸಿಸುವ ಕಟ್ಟಡ ಕಟ್ಟುವ ಹಾಗಿಲ್ಲ, ಸಾಮಾನ್ಯವಾಗಿ 50 ಅಡಿ ದೂರ ಬಿಡಬೇಕು. ಗುರುತು ಮಾಡಿದ ಪಟ್ಟಿಯೊಳಗೆ ಹೊಸ ಬಡಾವಣೆ ಮಾಡಬೇಕಾದರೆ ಮೊದಲು ಭೂವಿಜ್ಞಾನಿ ಬಂದು ಪರೀಕ್ಷಿಸಿ ವರದಿ ಕೊಡಬೇಕು, ಹೆಚ್ಚಾಗಿ ಕಂದಕ ತೋಡಿಯೇ ನೋಡುತ್ತಾರೆ. ಅಂದರೆ ಇಲ್ಲಿ ಈ ಕೆಲಸಕ್ಕೆ ವಿಶ್ವವಿದ್ಯಾಲಯದ ಹೊರಗೂ ಸಂಬಳ ಇದೆ.

ಆಳಂದದ ಹುಡುಗಿ

ಅಕ್ಕ, ಅಣ್ಣ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ಇದ್ದಿಲಿನ ವಿಷಯ ಎರಡು ಸಲ ಓದಿದೆ. ನಮ್ಮ ಪಠ್ಯದಲ್ಲಿ ಕಾರ್ಬನ್ 14 ಬಗ್ಗೆ ಸೂತ್ರ ಇದೆ, ಇಲಿ ಬಿಲದ ಬಗ್ಗೆ ಇಲ್ಲ.

ಇನ್ನೊಂದು ಕೇಳಬೇಕು. ಹಿಮಾಲಯ, ಕಛ್, ಕ್ಯಾಲಿಫೋರ್ನಿಯಾ ಎಲ್ಲ ಸರಿ. ನಮ್ಮ ಕಡೆ ಎಲ್ಲ ಎರೆಮಣ್ಣು, ಅದರ ಕೆಳಗೆ ಕರಿ ಬಸಾಲ್ಟ್ ಕಲ್ಲು. ಇಲ್ಲಿ ಫಾಲ್ಟ್ ಹುಡುಕುವುದು ಹೇಗೆ? 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಮೇಲಿಂದ ಮೇಲೆ ಸಣ್ಣ ಕಂಪನ ಆಯಿತು. ನೆಲದೊಳಗಿಂದ ಗುಡುಗಿನಂಥ ಸದ್ದು ಬಂದು ಜನ ರಾತ್ರಿ ಹೊರಗೇ ಮಲಗಿದರು. ನಮ್ಮ ಅಜ್ಜಿಯೂ ಆ ಸುದ್ದಿ ಕೇಳಿ ನಾಲ್ಕು ರಾತ್ರಿ ಅಂಗಳ ಬಿಟ್ಟು ಒಳಗೆ ಬರಲಿಲ್ಲ. ಸಣ್ಣದು ಆಗುತ್ತಿದ್ದರೆ ದೊಡ್ಡದು ಬರುವುದಿಲ್ಲ ಅಂತ ಕೆಲವರು, ದೊಡ್ಡದು ಬಂದೇ ಬರುತ್ತದೆ ಅಂತ ಕೆಲವರು. ಯಾವುದು ನಿಜ?

ಕಪ್ಪು ನೆಲ

ನಾನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಊರು ಚಿಕ್ಕೋಡಿ. 1967ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಕೊಯ್ನಾ ಭೂಕಂಪ ಆದಾಗ ನನಗೆ ಏಳು ವರ್ಷ. ಅಡುಗೆಮನೆಯ ಪಾತ್ರೆ ಉರುಳಿದ ಸದ್ದು ಈಗಲೂ ಕಿವಿಯಲ್ಲಿದೆ. ಹಾಗಾಗಿ ನಿಮ್ಮ ಅಜ್ಜಿ ಅಂಗಳ ಬಿಟ್ಟು ಬರಲಿಲ್ಲ ಅಂದದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಎರಡೂ ನಿಜ ಅಲ್ಲ. ಸಣ್ಣ ಕಂಪನಗಳು ದೊಡ್ಡದರ ಶಕ್ತಿಯನ್ನು ಖಾಲಿ ಮಾಡುವುದಿಲ್ಲ. ಪ್ರಮಾಣ ಒಂದು ಅಂಕ ಏರಿದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು ಜಾಸ್ತಿ. 6ರ ಒಂದು ಕಂಪನಕ್ಕೆ ಸಮ ಆಗಬೇಕಾದರೆ 4ರ ಕಂಪನ ಸಾವಿರ ಆಗಬೇಕು. ಹಾಗಂತ ಸಣ್ಣದರ ಹಿಂದೆ ದೊಡ್ಡದು ಬಂದೇ ಬರುತ್ತದೆ ಅಂತಲೂ ಇಲ್ಲ. ಹೆಚ್ಚಿನವು ಹಾಗೇ ತಣ್ಣಗಾಗುತ್ತವೆ. ಆದರೆ ಕಿಲ್ಲಾರಿಯಲ್ಲಿ 1992ರಲ್ಲೇ ಸಣ್ಣ ಕಂಪನ ಶುರುವಾಗಿದ್ದವು, ವರ್ಷ ಕಳೆದ ಮೇಲೆ ದೊಡ್ಡದು ಬಂತು. ಮೊದಲೇ ನೋಡಿ "ಇದು ಆ ಥರದ್ದು" ಅಂತ ಬೇರೆ ಮಾಡಿ ಹೇಳುವ ಗುರುತು ಇವತ್ತಿನ ತನಕ ಯಾರ ಕೈಗೂ ಸಿಕ್ಕಿಲ್ಲ. ಸದ್ದಿನ ಬಗ್ಗೆ ಹೆದರಬೇಡಿ. ಕಂಪನ ಆಳದಲ್ಲಿ ಆಗದೆ ಮೇಲೇ ಆದರೆ, ಅದರ ಅಲೆ ನೆಲ ದಾಟಿ ಗಾಳಿಗೆ ಬಂದಾಗ ನಮ್ಮ ಕಿವಿಗೆ ಕೇಳುವಷ್ಟು ಚುರುಕಾಗಿರುತ್ತದೆ, ಅಷ್ಟೆ.

ಈಗ ಎರೆಮಣ್ಣಿನ ವಿಷಯ. ನಮ್ಮ ಕಡೆ ಈ ಕೆಲಸ ನಿಜಕ್ಕೂ ಕಷ್ಟ, ಸುಳ್ಳು ಹೇಳುವುದಿಲ್ಲ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಕಂದಕದ ಗೋಡೆಯಲ್ಲಿ ಕಾಣುವ ಬಿರುಕು ಭೂಕಂಪದ್ದಾ, ಮಾರ್ಚ್ ತಿಂಗಳ ಬಿಸಿಲಿನದ್ದಾ ಅಂತ ತಿಳಿಯಲು ತುಂಬಾ ಅನುಭವ ಬೇಕು. ಕಲ್ಲು ಗುರುತಿಸಿದರೆ ಮಾತ್ರ ನಂಬಬಹುದು. ಒಂದೇ ಬಸಾಲ್ಟ್ ಹರಿವು (ಲಾವಾ ಹರಿದು ಗಟ್ಟಿಯಾದ ಪದರ) ಬಿರುಕಿನ ಈ ಬದಿಗೆ ಒಂದು ಮಟ್ಟ, ಆ ಬದಿಗೆ ಇನ್ನೊಂದು ಮಟ್ಟದಲ್ಲಿದ್ದರೆ ಅದು ಜಾರಿದ್ದೇ. ಕಿಲ್ಲಾರಿಯಲ್ಲಿ 1993ರ ನಂತರ ಹೊಲದಲ್ಲಿ ಎದ್ದ ಏರು ಮೊಣಕಾಲಿನಿಂದ ಸೊಂಟದ ತನಕ, ಉದ್ದವೂ ಒಂದೆರಡು ಕಿಲೋಮೀಟರ್ ಅಷ್ಟೆ. ಅಷ್ಟು ಚಿಕ್ಕ ಗುರುತು ಬಿಟ್ಟ ಕಂಪನಕ್ಕೆ ಹತ್ತು ಸಾವಿರದ ಹತ್ತಿರ ಜನ ಹೋದರು. ಎರಡು ಮಳೆಗಾಲ, ನಾಲ್ಕು ಸಲ ಟ್ರ್ಯಾಕ್ಟರ್ ಹೊಡೆದರೆ ಅದೂ ಅಳಿಸಿಹೋಗುತ್ತದೆ. ಆದ್ದರಿಂದಲೇ ರಾಜೇಂದ್ರನ್ ದಂಪತಿಯಂಥವರು ಆಗಿನ ಕಾಲಕ್ಕೇ ಅಲ್ಲಿ ಹೋಗಿ ಅಗೆದು ದಾಖಲು ಮಾಡಿದ್ದು ಅಷ್ಟು ಮುಖ್ಯ. ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐನವರು ಅಲ್ಲೇ ಬೋರ್ ಕೊರೆದರು. ಸುಮಾರು 340 ಮೀಟರ್ ಬಸಾಲ್ಟ್ ದಾಟಿದ ಮೇಲೆ ಹಳೇ ಬುಡದ ಕಲ್ಲು ಸಿಕ್ಕಿತು. ಜಾರಿದ ಫಾಲ್ಟ್ ಇರುವುದು ಆ ಹಳೇ ಕಲ್ಲಿನಲ್ಲಿ. ಮೇಲೆ ಬಸಾಲ್ಟ್ ಚಾದರ ಹೊದ್ದು ಮಲಗಿದೆ, ಹಾಗಾಗಿ ಮೇಲಿಂದ ಕಾಣುವುದಿಲ್ಲ.

ಕೊಯ್ನಾದಲ್ಲಿ ಈಗ ಇನ್ನೂ ಆಳಕ್ಕೆ ಹೋಗಿದ್ದಾರೆ. ಅಣೆಕಟ್ಟಿನಲ್ಲಿ ನೀರು ತುಂಬಿದ ಮೇಲೆ ಶುರುವಾದ ಕಂಪನ ಅರವತ್ತು ವರ್ಷ ಆದರೂ ನಿಂತಿಲ್ಲ, ಅದೂ ಒಂದು ಚಿಕ್ಕ ಜಾಗದೊಳಗೇ. ಹೀಗಾಗಿ ಕರಾಡ್‌ನಲ್ಲಿ ಕೇಂದ್ರ ಸರ್ಕಾರದ ಒಂದು ಪ್ರಯೋಗಾಲಯ ಮಾಡಿ, 3 ಕಿಲೋಮೀಟರ್ ಆಳದ ಪರೀಕ್ಷಾ ಬೋರ್ 2017ರಲ್ಲಿ ಮುಗಿಸಿದರು. ಬಸಾಲ್ಟ್ ದಾಟಿ ಒಳಗಿನ ಗ್ರಾನೈಟ್‌ಗೆ ಹೋಗಿದ್ದಾರೆ. ಕಂಪನ ಹುಟ್ಟುವ ಕಡೆಯ ಕಲ್ಲನ್ನೇ ಮುಟ್ಟಿ ನೋಡುವ ಪ್ರಯತ್ನ. ಮನೆಯಿಂದ ನೂರಾರು ಕಿಲೋಮೀಟರ್ ಒಳಗೇ ಇಂಥದ್ದು ನಡೆಯುತ್ತಿದೆ, ಒಮ್ಮೆ ಹೋಗಿ ನೋಡಿ.

ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್ ಕಥೆ ಹೇಳದೆ ಮುಗಿಸಲಾರೆ, ಕ್ಲಾಸಿನಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಅಲ್ಲಿ 1857, 1881, 1901, 1922, 1934, 1966ರಲ್ಲಿ ಒಂದೇ ಥರದ ಭೂಕಂಪ ಆಗಿತ್ತು. ಸರಾಸರಿ 22 ವರ್ಷ. ಹಾಗಾದರೆ ಮುಂದಿನದು 1993ರೊಳಗೆ ಬಹುತೇಕ ಬರುತ್ತದೆ ಅಂತ ಹೇಳಿ, ಸಾನ್ ಆಂಡ್ರಿಯಾಸ್ ಫಾಲ್ಟ್ ಸುತ್ತ ಯಂತ್ರ ಇಟ್ಟು ಕಾದರು. ಬರಲಿಲ್ಲ. ಬಂದದ್ದು 2004ರ ಸೆಪ್ಟೆಂಬರ್ 28ಕ್ಕೆ. ಅಷ್ಟು ಯಂತ್ರಗಳಲ್ಲಿ ಒಂದೂ ಮೊದಲೇ ಸ್ಪಷ್ಟವಾದ ಸೂಚನೆ ಕೊಡಲಿಲ್ಲ. ವಿಜ್ಞಾನಿಗಳು ಇದನ್ನು ಮುಚ್ಚಿಡಲಿಲ್ಲ, ಎಲ್ಲ ಬರೆದಿಟ್ಟರು. ನನಗೆ ಆ ಜನರ ಮೇಲೆ ಗೌರವ ಹೆಚ್ಚಾದದ್ದೇ ಆಗ. ಅಲ್ಲೇ ಪಕ್ಕದಲ್ಲಿ 3 ಕಿಲೋಮೀಟರ್ ಆಳಕ್ಕೆ ಕೊರೆದು ಫಾಲ್ಟ್‌ನ ಒಳಗಿನ ತುಂಡನ್ನು 2007ರಲ್ಲಿ ಮೇಲೆ ತಂದರು. ಜಾರುತ್ತಿದ್ದ ಭಾಗ ಎರಡು ಕಡೆ, ಒಂದೊಂದೂ ಬರೀ ಎರಡು ಮೂರು ಮೀಟರ್ ದಪ್ಪ. ಅದರಲ್ಲಿ ಸಿಕ್ಕಿದ್ದು ಸಾಪೊನೈಟ್ ಅನ್ನುವ ಜೇಡಿ, ಸಾಬೂನಿನ ಹಾಗೆ ಜಾರುವಂಥದ್ದು. ಆ ಭಾಗದಲ್ಲಿ ಫಾಲ್ಟ್ ದೊಡ್ಡದಾಗಿ ಒಡೆಯದೆ ಸದ್ದಿಲ್ಲದೆ ನಿಧಾನ ಜಾರುತ್ತಾ ಇರುವುದು ಯಾಕೆ ಅನ್ನುವುದಕ್ಕೆ ಅಲ್ಲಿ ಉತ್ತರ ಇತ್ತು.

ಬಸವಕಲ್ಯಾಣ ಸಿವಿಲ್

ಎಲ್ಲರೂ ಮಣ್ಣಿನ ಒಳಗಿನ ಮಾತು ಬರೆದಿದ್ದೀರಿ. ನಾನು ಮೇಲಿನದು ಬರೆಯುತ್ತೇನೆ, ಚಿಕ್ಕದಾಗಿ. ಮನೆ ಕಟ್ಟಿಸುವುದು ನನ್ನ ಕೆಲಸ.

ತಂಗಿ, ನಿಮ್ಮ ತಂದೆಗೆ ಇಷ್ಟು ಹೇಳಿ. ಕಿಲ್ಲಾರಿ ಇದ್ದ ಜಾಗ 1993ರ ತನಕ ದೇಶದ ಭೂಕಂಪ ನಕ್ಷೆಯಲ್ಲಿ ಒಂದನೇ ವಲಯದಲ್ಲಿತ್ತು. ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯ ಅಂತ. ವಿಜ್ಞಾನಿಗಳು ಅಲ್ಲಿ ಮಾಡಿದ ಅಧ್ಯಯನ ಎಲ್ಲ ಬಂದ ಮೇಲೆ, 2002ರಲ್ಲಿ ಐಎಸ್ 1893 ಅನ್ನುವ ಕಟ್ಟಡಗಳ ಭೂಕಂಪ ಸಂಹಿತೆ ತಿದ್ದುವಾಗ ಒಂದನೇ ವಲಯವನ್ನೇ ತೆಗೆದುಹಾಕಿದರು, ಆ ಭಾಗವನ್ನು ಮೂರಕ್ಕೆ ಏರಿಸಿದರು. ಒಂದು ಅಂಕಿ ಬದಲಾದರೆ ನಾನು ಹಾಕುವ ಕಬ್ಬಿಣ ಬದಲಾಗುತ್ತದೆ. ಶಾಲೆ, ಆಸ್ಪತ್ರೆ, ಟ್ಯಾಂಕು ಎಲ್ಲದರ ಲೆಕ್ಕ ಬದಲಾಗುತ್ತದೆ. ಯಾವ ದಿನ ಅಂತ ಗೊತ್ತಿಲ್ಲದಿದ್ದರೂ ಪಿಲ್ಲರ್‌ಗೆ ಎಷ್ಟು ರಿಂಗ್ ಹಾಕಬೇಕು ಅಂತ ಗೊತ್ತಾಗುತ್ತದೆ.

ಅವತ್ತು ಜನರನ್ನು ಕೊಂದದ್ದು ಗೋಡೆ. ಎರಡು ಅಡಿಗೂ ದಪ್ಪದ ಕಲ್ಲಿನ ಗೋಡೆ, ನಡುವೆ ಮಣ್ಣು, ಮೇಲೆ ಮಣ್ಣಿನ ಮಾಳಿಗೆಯ ಭಾರ. ನಡುಗಿದಾಗ ಗೋಡೆಯ ಒಳಮೈ ಹೊರಮೈ ಬೇರೆ ಬೇರೆಯಾಗಿ ಉದುರಿದವು. ಗೋಡೆಯ ಎರಡೂ ಮೈಗೆ ತಾಗುವ ಉದ್ದ ಕಲ್ಲು ಅಲ್ಲಲ್ಲಿ ಇಟ್ಟು, ಬಾಗಿಲ ಮೇಲಿನ ಮಟ್ಟಕ್ಕೆ ಮನೆ ಸುತ್ತ ಕಾಂಕ್ರೀಟ್ ಪಟ್ಟಿ ಕಟ್ಟಿದರೆ ಎಷ್ಟೋ ಜನ ಉಳಿಯುತ್ತಿದ್ದರು. ನಾವು ಲಿಂಟೆಲ್ ಬ್ಯಾಂಡ್ ಅನ್ನುತ್ತೇವೆ. ಖರ್ಚು ಏನೂ ಜಾಸ್ತಿ ಆಗುವುದಿಲ್ಲ. ಆದರೂ ನಮ್ಮ ಕಡೆ ಇವತ್ತಿಗೂ ಅದನ್ನು ಬಿಟ್ಟು ಕಟ್ಟಿಸುವವರು ಇದ್ದಾರೆ, "ಇಲ್ಲಿ ಎಲ್ಲಿ ಭೂಕಂಪ" ಅಂತ. ನಾನು ಅವರ ಜೊತೆ ಜಗಳ ಆಡುತ್ತೇನೆ. ನಿಮ್ಮಂಥವರು ಆಳಂದ, ಬಸವಕಲ್ಯಾಣ, ಚಿಂಚೋಳಿ ಕಡೆ ಅಗೆದು ಒಂದು ಕಾಗದ ಕೊಟ್ಟರೆ ಆ ಜಗಳದಲ್ಲಿ ನನಗೆ ಬಲ ಬರುತ್ತದೆ.

ಕರಣೆ ಮತ್ತು ದಾರ

ಸಿವಿಲ್ ಸರ್, ನೀವು ಬರೆದದ್ದಕ್ಕಿಂತ ಚೆನ್ನಾಗಿ ನಾನು ಅವರ ತಂದೆಗೆ ಹೇಳಲಾರೆ.

ಒಂದನ್ನು ಮಾತ್ರ ಸೇರಿಸುತ್ತೇನೆ. ಲಾಸ್ ಏಂಜಲೀಸ್ ಹತ್ತಿರ ಪ್ಯಾಲೆಟ್ ಕ್ರೀಕ್ ಅಂತ ಒಂದು ಹಳ್ಳ. ಅಲ್ಲಿ 1970ರ ದಶಕದಲ್ಲಿ ಕೆರ್ರಿ ಸೀ ಅನ್ನುವವರು, ಆಗ ಇನ್ನೂ ವಿದ್ಯಾರ್ಥಿ, ಸಾನ್ ಆಂಡ್ರಿಯಾಸ್ ಫಾಲ್ಟ್‌ಗೆ ಅಡ್ಡ ಕಂದಕ ತೋಡಿದರು. ಕೊಳೆತ ಸಸ್ಯದ ಕರಿ ಪದರಗಳು ಸಿಕ್ಕಿದ್ದರಿಂದ ವಯಸ್ಸು ಚೆನ್ನಾಗಿ ಸಿಕ್ಕಿತು. ನಾವು ಇವತ್ತು ಮಾಡುವ ಕೆಲಸಕ್ಕೆ ದಾರಿ ಹಾಕಿದ್ದು ಆ ಕಂದಕ. ಮೊದಲು ಎಲ್ಲರೂ ಸರಾಸರಿ ನೋಡಿದರು, ಸುಮಾರು 130 ವರ್ಷಕ್ಕೊಂದು ಅಂತ. ಆಮೇಲೆ ಇನ್ನೂ ಸೂಕ್ಷ್ಮವಾಗಿ ವಯಸ್ಸು ತೆಗೆದಾಗ ಗೊತ್ತಾಯಿತು, ಅವು ಸಮ ಅಂತರದಲ್ಲಿ ಬರುತ್ತಿರಲಿಲ್ಲ. ಕೆಲವು ದಶಕಗಳಲ್ಲಿ ಎರಡು ಮೂರು ಒಟ್ಟಿಗೆ, ಆಮೇಲೆ ಇನ್ನೂರು ಮುನ್ನೂರು ವರ್ಷ ಮೌನ. ಹಿಮಾಲಯದಲ್ಲೂ ನಮಗೆ ಇದೇ ಪಾಠ. ನೇಪಾಳದಲ್ಲಿ 1934ರ ಕಂಪನ ನೆಲದ ಮೇಲೆ ಗುರುತೇ ಬಿಟ್ಟಿಲ್ಲ ಅಂತ ತುಂಬಾ ವರ್ಷ ನಂಬಿದ್ದರು. ಕೊನೆಗೆ ನದಿ ದಂಡೆಯಲ್ಲಿ ಅಗೆದಾಗ ಅದರ ಗುರುತೂ ಸಿಕ್ಕಿತು, ಅದರ ಕೆಳಗೆ 1255ರದ್ದೂ ಸಿಕ್ಕಿತು. 1255ರದ್ದು ಅಂದರೆ ಕಠ್ಮಂಡುವಿನ ರಾಜ ಅಭಯ ಮಲ್ಲನೇ ಸತ್ತ ಭೂಕಂಪ. ಎರಡರ ನಡುವೆ ಏಳುನೂರು ವರ್ಷದ ಹತ್ತಿರ ಅಂತರ. ಅಷ್ಟು ಉದ್ದದ ನೆನಪು ಯಾವ ಊರಿನವರಿಗೆ ಇರುತ್ತದೆ? ಮಣ್ಣಿಗೆ ಮಾತ್ರ ಇರುತ್ತದೆ.

ಹುಡುಗಿಯರಿಗೆ ಕಷ್ಟವಾ ಅಂತ ಕೇಳಿದ್ದಿ. ನೆಲ ಕೆರೆಯುವುದು ಯಾರಿಗೂ ಒಂದೇ. ಕಷ್ಟ ಇರುವುದು ಉಳಿದುಕೊಳ್ಳುವ ಜಾಗ, ಶೌಚಾಲಯ, ರಾತ್ರಿ ಪ್ರಯಾಣ. ನಾನು ಸೇರಿದ ಮೊದಲ ತಂಡದಲ್ಲಿ ನಾನೊಬ್ಬಳೇ ಹುಡುಗಿ. ಈಗ ನನ್ನ ತಂಡದಲ್ಲಿ ಮೂವರು, ಊರಲ್ಲಿ ಯಾವುದಾದರೂ ಮನೆಯಲ್ಲಿ ಕೋಣೆ ಬಾಡಿಗೆಗೆ ಹಿಡಿದು ಇರುತ್ತೇವೆ. ಆ ಮನೆಯ ಹೆಂಗಸರಿಂದ ನನಗೆ ತಿಳಿದಷ್ಟು ಹಳೇ ಭೂಕಂಪದ ಸುದ್ದಿ ಗಂಡಸರಿಂದ ತಿಳಿದಿಲ್ಲ. ಯಾವ ಬಾವಿ ಬತ್ತಿತು, ಯಾವ ಗೋಡೆ ಯಾವ ಕಡೆಗೆ ಬಿತ್ತು, ಅದೆಲ್ಲ ಅವರಿಗೆ ನೆನಪಿರುತ್ತದೆ.

ಮನಸ್ಸಿಗೆ ಭಾರವಾಗುವುದು ಬೇರೆ. ಭೂಕಂಪ ಆದ ವಾರದೊಳಗೆ ನಾವು ಹೋಗಬೇಕಾಗುತ್ತದೆ, ಗುರುತು ಅಳಿಸುವ ಮೊದಲು ಅಳೆಯಲು. ಜನ ಅವಶೇಷದ ಪಕ್ಕ ಕೂತಿರುತ್ತಾರೆ, ನಾವು ಟೇಪು ಹಿಡಿದು ನಡೆಯುತ್ತಿರುತ್ತೇವೆ. "ಮತ್ತೆ ಬರುತ್ತಾ?" ಅಂತ ಕೇಳುತ್ತಾರೆ. ಚಿಕ್ಕ ಕಂಪನ ಕೆಲವು ವಾರ ಬರುತ್ತವೆ, ಬಿರುಕು ಬಿಟ್ಟ ಮನೆಯೊಳಗೆ ಮಲಗಬೇಡಿ ಅನ್ನುತ್ತೇನೆ. ಅದಕ್ಕಿಂತ ಜಾಸ್ತಿ ಹೇಳಲು ಬರುವುದಿಲ್ಲ. ಮೊದಲು ನಮ್ಮ ಕೈಯಲ್ಲಿರುವ ಟೇಪು ಚೀಲಕ್ಕೆ ಹಾಕಿ, ಕೂತು ಅವರ ಮಾತು ಕೇಳುತ್ತೇವೆ. ನನ್ನ ಗುರುಗಳು ಕಲಿಸಿದ ಮೊದಲ ನಿಯಮ ಅದು.

ಪಿಎಚ್‌ಡಿಗೆ ಐಐಎಸ್ಸಿ, ಡೆಹ್ರಾಡೂನ್‌ನ ವಾಡಿಯಾ ಸಂಸ್ಥೆ, ಹೈದರಾಬಾದ್‌ನ ಎನ್‌ಜಿಆರ್‌ಐ, ಗಾಂಧಿನಗರದ ಭೂಕಂಪ ಸಂಶೋಧನಾ ಸಂಸ್ಥೆ ಐಎಸ್ಆರ್, ಐಐಟಿ ಕಾನ್ಪುರ ಎಲ್ಲ ನೋಡು. ಭೂವಿಜ್ಞಾನದ ಸಿಎಸ್‌ಐಆರ್ ನೆಟ್ ಅಥವಾ ಗೇಟ್ ಬರೆದಿರು. ಅಷ್ಟರೊಳಗೆ ಒಂದು ಕೆಲಸ ಮಾಡು. ನಿಮ್ಮ ಅಜ್ಜಿಯನ್ನು ಕೂರಿಸಿಕೊಂಡು ಆ ರಾತ್ರಿಯ ವಿಷಯ ಪೂರ್ತಿ ಬರೆದುಕೋ. ಮೊದಲು ಸದ್ದಾ, ಮೊದಲು ನಡುಕವಾ? ಎಷ್ಟು ಹೊತ್ತು? ತೂಗುಹಾಕಿದ್ದು ಯಾವ ದಿಕ್ಕಿಗೆ ತೂಗಿತು? ಗೋಡೆಯ ಬಿರುಕು ನೇರವಾ, ಓರೆಯಾ? ಊರಲ್ಲಿ ಯಾವ ಓಣಿಯ ಮನೆಗಳಿಗೆ ಜಾಸ್ತಿ ಪೆಟ್ಟಾಯಿತು, ಅಲ್ಲಿ ಕೆಳಗೆ ಎರೆಮಣ್ಣು ಆಳ ಇದೆಯಾ? ಮೂವತ್ತು ವರ್ಷ ದಾಟಿದೆ, ಹೇಳುವವರು ಇರುವಾಗಲೇ ಕೇಳಬೇಕು.

ಆಳಂದದ ಹುಡುಗಿ

ಶನಿವಾರ ಊರಿಗೆ ಬಂದೆ. ಎಲ್ಲರ ಉತ್ತರವನ್ನೂ ಅಪ್ಪನಿಗೆ ಓದಿ ಹೇಳಿದೆ. ವಲಯ ಒಂದರಿಂದ ಮೂರಾದ ವಿಷಯ ಬಂದಾಗ ಮತ್ತೊಮ್ಮೆ ಓದು ಅಂದರು. ಏನೂ ಮಾತಾಡಲಿಲ್ಲ.

ಅಜ್ಜಿ ಜೊತೆ ರಾತ್ರಿ ಎರಡು ತಾಸು ಕೂತಿದ್ದೆ. ಮೊದಲು ಸದ್ದು ಬಂತಂತೆ, ಲಾರಿ ಓಣಿಯೊಳಗೆ ಬಂದ ಹಾಗೆ, ಆಮೇಲೆ ನಡುಕ. ತೊಟ್ಟಿಲು ತಾನೇ ತೂಗಿತಂತೆ. ಹಳ್ಳದ ಕಡೆಯ ಓಣಿಯಲ್ಲಿ ಗೋಡೆಗಳು ಜಾಸ್ತಿ ಬಿದ್ದವು, ಮೇಲಿನ ಓಣಿಯಲ್ಲಿ ಇಲ್ಲ. ಹಳ್ಳದ ಕಡೆ ಮಣ್ಣು ಎಷ್ಟು ಆಳ ಅಂತ ಬಾವಿ ತೋಡಿದವರನ್ನು ಕೇಳಬೇಕು. ತಂಗಿಯ ಊರಿನ ಬಗ್ಗೆ ಕೇಳಿದಾಗ ಅಜ್ಜಿ ಸುಮ್ಮನಾದರು. ನಾನೂ ಮುಂದೆ ಕೇಳಲಿಲ್ಲ.

ಇವತ್ತು ಬೆಳಗ್ಗೆ ಎದ್ದಾಗ ಅಪ್ಪ ಪಡಸಾಲೆಯ ಗೋಡೆ ಹತ್ತಿರ ನಿಂತಿದ್ದರು. ಮುಚ್ಚಿದ ಬಿರುಕಿನ ಮೇಲಿನ ಸುಣ್ಣವನ್ನು ಕುಡುಗೋಲಿನಿಂದ ಕೆರೆಯುತ್ತಿದ್ದರು. ಬಾಗಿಲ ಮೂಲೆಯಿಂದ ಓರೆಯಾಗಿ ಮಾಳಿಗೆ ತನಕ ಹೋಗಿದೆ. ಟೇಪು ಹುಡುಕಿಕೊಂಡು ಬಾ ಅಂದರು. ಅಳತೆ ತೆಗೆದು ಫೋಟೋ ಸಂಜೆ ಹಾಕುತ್ತೇನೆ, ಸಿವಿಲ್ ಸರ್ ದಯವಿಟ್ಟು ನೋಡಿ ಹೇಳಿ.